ಹೀರಪ್ಪನ ನಾಲಿಗೆ

ಆ ಓಣಿಯಲ್ಲಿ ಐದು ದಿನ ಕರೆಂಟು ಹೋಗಿದ್ದ ಕತೆಯನ್ನು ಯಾರೇ ಹೇಳಲಿ, ಹೀರಪ್ಪನ ಬಾಯಿಯಿಂದಲೇ ಶುರುಮಾಡುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆಯಿತ್ತು. ಅದು ಈಗ ಯಾರ ನೆನಪಿನಲ್ಲೂ ಉಳಿದಿಲ್ಲ. ಮೂವತ್ತೈದು ವರ್ಷ ಕಾರು ರಿಪೇರಿ ಮಾಡಿದ ಆ ಮನುಷ್ಯ ಟ್ಯಾಂಕಿನಿಂದ ಪೆಟ್ರೋಲು ತೆಗೆಯಲು ಕೈಪಂಪನ್ನು ಮುಟ್ಟಿದವನಲ್ಲ. ನಾಲ್ಕು ಮೊಳದ ಕೊಳವೆಯ ಒಂದು ತುದಿಯನ್ನು ಟ್ಯಾಂಕಿಗೆ ಇಳಿಬಿಟ್ಟು, ಇನ್ನೊಂದನ್ನು ತುಟಿಗಿಟ್ಟು ಎರಡು ಸಲ ಎಳೆಯುವನು. ಮೂರನೆಯ ಎಳೆತಕ್ಕೆ ಹೆಬ್ಬೆರಳಿನಿಂದ ತುದಿಯನ್ನು ಮುಚ್ಚಿ ಕೆಳಗಿಟ್ಟ ಕ್ಯಾನಿನೊಳಕ್ಕೆ ಬಾಗಿಸಿದರೆ ಧಾರೆ ತಾನಾಗಿ ಹರಿಯುತ್ತಿತ್ತು. ಬಾಯಿಗೆ ಬಂದ ಹನಿಯನ್ನು ಉಗಿದು ಅವನು ಆಡುತ್ತಿದ್ದ ಮಾತಿಗೆ ಎದುರಾಡಿದವರಿರಲಿಲ್ಲ: ಇದು ಹಳಸಿದ್ದು, ಇದಕ್ಕೆ ನೀರು ಸೇರಿದೆ, ಇದಕ್ಕೆ ಬಂಕಿನವನು ಸೀಮೆಎಣ್ಣೆ ಬೆರೆಸಿದ್ದಾನೆ. ಬಂಕಿನವರು ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದರೆಂದು ಕತೆ ಹೇಳುವವರು ತಪ್ಪದೆ ಸೇರಿಸುತ್ತಾರೆ.

ಆ ನಾಲಿಗೆ ಸತ್ತು ಎರಡು ವರ್ಷವಾಗಿದ್ದ ಸಂಗತಿ ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ. ಮೊದಲು ಮೂಗು ಹೋಯಿತು, ಬೆನ್ನಿಗೇ ರುಚಿಯೂ ಹೋಯಿತು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾದಾಗ ಅವನು ಅದರ ಪಕ್ಕದಲ್ಲೇ ನಿಂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. "ಕಣ್ಣು ಎಲ್ಲಿಟ್ಟಿದ್ಯೋ?" ಎಂದು ಅಕ್ಕ ಬೈದಳು. ತಪ್ಪು ಕಣ್ಣಿನದೆಂದೇ ಅವನು ಒಪ್ಪಿಕೊಂಡ. ಕಣ್ಣಿಗೆ ಕನ್ನಡಕ ಸಿಗುತ್ತದೆ. ಹೀರಪ್ಪನಿಗೆ ನಾಲಿಗೆಯೇ ಇಲ್ಲವೆಂದಾದರೆ ಅವನು ಯಾರು?

ಅಕ್ಕ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ನೂಲಿನ ಗಿರಣಿಯಲ್ಲಿ ದುಡಿದು ದುಡಿದು ಅವಳ ಪುಪ್ಪುಸಗಳು ಹತ್ತಿಯ ಧೂಳಿಗೆ ಬಲಿಯಾಗಿದ್ದವು. ಈಗ ಮಂಚದ ಪಕ್ಕದ ಗಾಳಿಯ ಯಂತ್ರವೇ ಅವಳ ಉಸಿರು. ಅದು ನಿಂತರೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ, ಎಂದು ವೈದ್ಯರು ಅವಳ ಮಗಳಿಗೆ ಮೊದಲೇ ಹೇಳಿದ್ದರು. ಮಗಳು ಹೊಲಿಗೆಯವಳು, ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ, ಹಿಂದಿನದರಲ್ಲಿ ತಾಯಿ, ನಡುವಿನ ಬಾಗಿಲಿಗೆ ಪರದೆ.

ಊರಾಚೆಯ ವಿದ್ಯುತ್ ಕೇಂದ್ರ ಸುಟ್ಟುಹೋದ ದಿನ ಹೀರಪ್ಪ ತನ್ನ ಗ್ಯಾರೇಜಿನ ಸಣ್ಣ ಜನರೇಟರನ್ನು ಕೈಗಾಡಿಯಲ್ಲಿ ತಂದು ಅಂಗಳದಲ್ಲಿಟ್ಟ. ಅದು ಗಂಟೆಗೆ ಮುಕ್ಕಾಲು ಲೀಟರ್ ಪೆಟ್ರೋಲು ಕುಡಿಯುತ್ತಿತ್ತು. ಬಂಕಿಗೆ ಹೋದರೆ ಅಲ್ಲಿಯೂ ಕರೆಂಟಿಲ್ಲದೆ ಪಂಪು ಸ್ತಬ್ಧ. ನೆಲದಡಿಯ ತೊಟ್ಟಿಯಲ್ಲಿ ಸಾವಿರಾರು ಲೀಟರಿದ್ದರೂ ಒಂದು ಹನಿ ಮೇಲೆ ಬಾರದು. ಹೊಸ ಕಾರುಗಳವರು ಕರೆಂಟಿರುವ ಊರುಗಳಿಗೆ ಆಗಲೇ ಹೊರಟುಹೋಗಿದ್ದರು. ಅವು ಇದ್ದರೂ ಉಪಯೋಗವಿರಲಿಲ್ಲ. ಅವುಗಳ ಟ್ಯಾಂಕಿನ ಕತ್ತಿನಲ್ಲಿ ಜಾಲರಿ ಇರುತ್ತದೆ, ಕೊಳವೆ ಒಳಕ್ಕಿಳಿಯುವುದಿಲ್ಲ. ಉಳಿದದ್ದು ಓಣಿಯ ಹಳೆಯ ಕಾರುಗಳು. ಅವು ಏಳೆಂದು ಕೆಲವರು, ಹನ್ನೊಂದೆಂದು ಕೆಲವರು. ಎದುರುಮನೆಯ ಟ್ಯಾಕ್ಸಿಯವನು ಬೆರಳು ಮಡಿಸಿ ಎಣಿಸಿ ಒಂಬತ್ತು ಎನ್ನುತ್ತಾನೆ, ಅವನ ಲೆಕ್ಕವೇ ಸರಿಯಿರಬೇಕು.

ಎಲ್ಲವೂ ಹೀರಪ್ಪನ ಕೈಯಲ್ಲಿ ಬಿಚ್ಚಿ ಜೋಡಿಸಿದ ಕಾರುಗಳೇ. ಕೇಳಿದವರಾರೂ ಇಲ್ಲವೆನ್ನಲಿಲ್ಲ.

"ತಗೊಳ್ಳಣ್ಣ. ಕಾರಿಗೆ ಬಾಯಾರಿದ್ರೆ ಅದೇನು ಅಳುತ್ತಾ?" ಎಂದಳು ಹಿಟ್ಟಿನ ಗಿರಣಿಯವಳು.

ಎರಡನೆಯ ದಿನ ಹೊಲಿಗೆಯವಳು ಆಸ್ಪತ್ರೆಗೆ ನಡೆದುಹೋಗಿ ಬಂದಳು. ಅಲ್ಲಿ ಹಜಾರದ ಉದ್ದಕ್ಕೂ ಮಂಚಗಳು. ಮನೆಯಲ್ಲಿ ಜನರೇಟರು ಇದ್ದವರು ಮನೆಯಲ್ಲೇ ಇರಿ, ತೀರಾ ಕೈಮೀರಿದರೆ ಕರೆತನ್ನಿ ಎಂದಿದ್ದರು. ಮೂರನೆಯ ದಿನ ಫೋನುಗಳು ಸತ್ತವು. ಬೈಕು ಸ್ಕೂಟರುಗಳು ಅಷ್ಟರಲ್ಲೇ ಬರಿದಾಗಿದ್ದವು. ಓಡುವ ಕಾರುಗಳಲ್ಲಿ ನಾಲ್ಕನೆಯ ದಿನಕ್ಕೆ ಪೆಟ್ರೋಲು ಉಳಿದದ್ದು ಟ್ಯಾಕ್ಸಿಯೊಂದರಲ್ಲೇ.

"ಇದೊಂದನ್ನ ಬಿಟ್ಬಿಡು ಮಾವ," ಎಂದಳು ಹೊಲಿಗೆಯವಳು. "ಅಮ್ಮನ್ನ ಎತ್ತಿಕೊಂಡು ಓಡೋ ಗತಿ ಬಂದ್ರೆ?"

"ಎಲ್ಲಿಗೆ ಓಡ್ತೀಯಾ? ಗಾಳಿ ಇಲ್ಲೇ ಬರ್ತಿದೆಯಲ್ಲ."

"ಇದೂ ಮುಗಿದ್ಮೇಲೆ?"

"ಟೀಚರಮ್ಮನ ಮನೇಲಿ ನಿಂತಿರೋ ಕಾರಿದೆ. ಅದರ ಟ್ಯಾಂಕು ಕೆರೆ ಇದ್ದ ಹಾಗೆ. ನೀನು ಗುಂಡಿ ಹೊಲಿ, ಟ್ಯಾಂಕಿನ ವಿಷಯ ನನಗೆ ಬಿಡು."

ಟ್ಯಾಕ್ಸಿಯವನು ಮುಚ್ಚಳ ತೆಗೆದುಕೊಟ್ಟ. "ನನ್ನ ಹೊಟ್ಟೆ ಮೇಲೆ ಹೊಡೀತಿದೀಯ ಅಂತ ಗೊತ್ತಿರ್ಲಿ," ಎಂದ.

"ನಿನ್ನ ಹೊಟ್ಟೆ ಕರಗಿದ್ರೆ ಒಳ್ಳೇದೇ. ಸ್ಟೀರಿಂಗಿಗೆ ತಿರುಗೋಕೆ ಜಾಗ ಸಿಗುತ್ತೆ."

ಕರೆಂಟು ಹೋದ ಮೇಲೆ ಓಣಿ ನಕ್ಕದ್ದು ಅದೇ ಕಡೆಯ ಸಲ ಎನ್ನುತ್ತಾರೆ.

ಐದನೆಯ ದಿನ ಬೆಳಗ್ಗೆ ಕ್ಯಾನಿನಲ್ಲಿ ಏಳು ಲೀಟರ್ ಉಳಿದಿತ್ತು. ಹೀರಪ್ಪ ಅದನ್ನೂ ಕೊಳವೆಯನ್ನೂ ಹಿಡಿದು ಟೀಚರಮ್ಮನ ಮನೆಗೆ ಹೋದ. ಟ್ಯಾಕ್ಸಿಯವನು ಹಿಂದೆಯೇ ಬಂದ. ಗಂಡ ತೀರಿಕೊಂಡ ಮೇಲೆ ಟೀಚರಮ್ಮ ಕಾರಿನ ಟಾರ್ಪಾಲು ತೆಗೆದಿರಲಿಲ್ಲ. ನಾಲ್ಕೂ ಚಕ್ರಗಳ ಗಾಳಿಯಿಳಿದು ಕಾರು ಮಣ್ಣಿಗೆ ಅಂಟಿಕೊಂಡಿತ್ತು. ಬಾನೆಟ್ಟಿನ ಚಿಲಕ ತುಕ್ಕು ಹಿಡಿದಿತ್ತು. ಅದನ್ನು ತೆರೆದು ನೋಡುವ ಗೋಜಿಗೆ ಅವನು ಹೋಗಲಿಲ್ಲ. ಈ ಕಾರಿನ ಎಂಜಿನನ್ನು ಎರಡು ಸಲ ಇಳಿಸಿದವನು ತಾನೇ. ಪೆಟ್ರೋಲು ಎಂಜಿನು, ಒಂದು ಕಾಲದಲ್ಲಿ ಬೆಣ್ಣೆಯಂತೆ ಓಡುತ್ತಿತ್ತು. ತಮ್ಮ ಕೊನೆಯ ವರ್ಷಗಳಲ್ಲಿ ಆಕೆಯ ಯಜಮಾನರು ದೂರದ ಊರಿನಲ್ಲಿ ಖರ್ಚು ಕಡಿಮೆಯೆಂದು ಅದಕ್ಕೆ ಬೇರೆ ಎಂಜಿನು ಹಾಕಿಸಿದ್ದರು. ಅದನ್ನು ಅವನಿಗೆ ಹೇಳಿದವರಿಲ್ಲ. ಟೀಚರಮ್ಮನಿಗೆ ಎಂಜಿನುಗಳಲ್ಲಿ ಜಾತಿಯಿದೆಯೆಂದೇ ಗೊತ್ತಿರಲಿಲ್ಲ.

ಹೀರಪ್ಪ ಕೊಳವೆ ಇಳಿಬಿಟ್ಟು ಎಳೆದ. ಬಾಯಿ ತುಂಬಿತು. ಎಂದಿನಂತೆ ಅಲ್ಲಿ ಏನೂ ಇರಲಿಲ್ಲ. ನೀರು ಮುಕ್ಕಳಿಸಿದ ಹಾಗೆ ಒಂದು ತಣ್ಣನೆಯ ಭಾರ ಅಷ್ಟೆ. ಉಗಿದ.

"ಪೆಟ್ರೋಲೇ. ಸ್ವಲ್ಪ ಹಳಸಿದೆ."

ಟ್ಯಾಕ್ಸಿಯವನು ಮೂಗು ಅರಳಿಸಿದ. "ವಾಸನೆ ಯಾಕೋ ಬೇರೆ ಇದೆ, ಅಣ್ಣ."

"ಆರು ವರ್ಷ ಕೂತ ಪೆಟ್ರೋಲು ಮಲ್ಲಿಗೆ ವಾಸನೆ ಬರುತ್ತಾ?"

"ಅಂಗೈ ಮೇಲೆ ಒಂದು ಹನಿ ಹಾಕಿ ನೋಡೋಣ್ವಾ? ನೀನೇ ಹೇಳಿಕೊಟ್ಟಿದ್ದು. ಪೆಟ್ರೋಲಾದ್ರೆ ಚಳಿಯಾಗಿ ಹಾರಿಹೋಗುತ್ತೆ, ಡೀಸೆಲಾದ್ರೆ ಜಿಡ್ಡು ನಿಲ್ಲುತ್ತೆ ಅಂತ."

ಒಂದು ಹನಿ, ಒಂದು ಅಂಗೈ, ಐದೆಣಿಸುವಷ್ಟು ಹೊತ್ತು. ಹೀರಪ್ಪನ ಕೈ ಅರ್ಧ ಚಾಚಿಯೂ ಇತ್ತಂತೆ. ಆದರೆ ಬಾಗಿಲಲ್ಲಿ ಟೀಚರಮ್ಮ ನಿಂತಿದ್ದಳು, ಕಾಂಪೌಂಡಿನಾಚೆ ಹಿಟ್ಟಿನ ಗಿರಣಿಯವಳು ಇಣುಕುತ್ತಿದ್ದಳು. ಬಾಯಲ್ಲಿ ಹಿಡಿದದ್ದನ್ನು ಹೀರಪ್ಪ ಅಂಗೈಯಲ್ಲಿ ಪರೀಕ್ಷಿಸಿದನೆಂದರೆ ಮಧ್ಯಾಹ್ನದೊಳಗೆ ಓಣಿಯೆಲ್ಲ ಸುದ್ದಿ.

"ಅಂಗೈ ಕಲಿಯೋರಿಗೆ ಕಣಯ್ಯ," ಎಂದ. ಕೊಳವೆಯನ್ನು ಕ್ಯಾನಿಗೆ ಬಾಗಿಸಿದ. ಏಳು ಲೀಟರಿನ ಮೇಲೆ ಹನ್ನೆರಡು ಲೀಟರ್ ಬಿತ್ತು.

ಅಂಗಳಕ್ಕೆ ಬಂದು ಜನರೇಟರಿನ ಟ್ಯಾಂಕು ತುಂಬಿಸಿದ. ಕೆಲವು ನಿಮಿಷ ಅದು ಎಂದಿನಂತೆಯೇ ಓಡಿತು. ಆಮೇಲೆ ಸದ್ದು ದಪ್ಪವಾಯಿತು, ಕೆಮ್ಮಿತು, ಬಿಳಿಯ ಹೊಗೆ ಅಂಗಳ ತುಂಬಿ ಕಿಟಕಿಯವರೆಗೂ ಏರಿತು. ನಿಂತಿತು. ಒಳಗಿನ ಯಂತ್ರ ಉದ್ದಕ್ಕೆ ಒಮ್ಮೆ ಕೂಗಿ ಸುಮ್ಮನಾಯಿತು.

ಹೊಲಿಗೆಯವಳು ಓಡಿಬಂದಳು. ಕ್ಯಾನಿನ ಬಾಯಿಗೆ ಮೂಗಿಟ್ಟ ಅವಳಿಗೆ ಒಂದೇ ಉಸಿರು ಸಾಕಾಯಿತು.

"ಮಾವ, ಇದು ಡೀಸೆಲ್."

ಅವನು ಬೆರಳದ್ದಿ ಉಜ್ಜಿದ. ಜಿಡ್ಡು ಹಾರಲಿಲ್ಲ.

"ನಿನಗೆ ಗೊತ್ತಾಗ್ಲಿಲ್ವಾ? ಬಾಯಲ್ಲಿ ಹಿಡಿದೂ ಗೊತ್ತಾಗ್ಲಿಲ್ವಾ?"

"ಗೊತ್ತಾಗಲ್ಲ ಮಗೂ," ಎಂದ ಹೀರಪ್ಪ. "ಎರಡು ವರ್ಷದಿಂದ ಏನೂ ಗೊತ್ತಾಗಲ್ಲ."

ಬೈಯಲು ಹೊತ್ತಿರಲಿಲ್ಲ. ಅವನು ಟ್ಯಾಂಕು ಬರಿದು ಮಾಡಿದ, ಪ್ಲಗ್ಗು ಬಿಚ್ಚಿ ಒರೆಸಿದ, ಕಾರ್ಬುರೇಟರು ತೊಳೆದ. ಕೈ ತನ್ನ ಕೆಲಸವನ್ನು ಬಲ್ಲದು. ಆದರೆ ತೊಳೆದದ್ದಕ್ಕೆ ಹಾಕಲು ಶುದ್ಧ ಪೆಟ್ರೋಲು ಓಣಿಯಲ್ಲೆಲ್ಲೂ ಇರಲಿಲ್ಲ. ಇದ್ದ ಏಳು ಲೀಟರನ್ನು ಅವನೇ ಕೆಡಿಸಿದ್ದ. ಟ್ಯಾಕ್ಸಿಯ ಕೀಲಿ ತಿರುಗಿಸಿದರು. ಅದು ನಾಲ್ಕು ಸಲ ಗೊರಗುಟ್ಟಿ ತಣ್ಣಗಾಯಿತು.

"ತಳ್ಳೋಣ," ಎಂದ ಟ್ಯಾಕ್ಸಿಯವನು.

ಅಕ್ಕನಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟರು. ಸ್ಟೀರಿಂಗ್ ಹಿಡಿದು ಹೀರಪ್ಪ ಕುಳಿತ. ಭಾರ ಕಡಿಮೆಯಾಗಲೆಂದು ಹೊಲಿಗೆಯವಳು ಹತ್ತದೆ ಹಿಂದೆ ನಿಂತು ಹೆಗಲು ಕೊಟ್ಟಳು. ಟ್ಯಾಕ್ಸಿಯವನು, ಹಿಟ್ಟಿನ ಗಿರಣಿಯವಳು, ಪೆಟ್ರೋಲು ಕೊಟ್ಟ ಮನೆಗಳ ಎಂಟು ಹತ್ತು ಜನ. ಆಸ್ಪತ್ರೆ ಎರಡು ಮೈಲಿ. ಬಿಸಿಲು ನೆತ್ತಿಗೆ ಬಂದಿತ್ತು.

ಅಂಚೆ ಕಚೇರಿ ದಾಟುವವರೆಗೆ ಅಕ್ಕ ಮಾತಾಡುತ್ತಿದ್ದಳು, ಪದಕ್ಕೊಂದು ಉಸಿರಿನಂತೆ.

"ಏನೋ... ಇಷ್ಟು ನಿಧಾನ? ನಡ್ಕೊಂಡೇ... ಹೋಗ್ಬಹುದಿತ್ತು."

"ಸುಮ್ನಿರಕ್ಕ. ಮಾತಾಡಬೇಡ."

"ನಿನ್ನ ಮೇಲೆ... ಆ ಹುಡುಗಿಗೆ ಕೋಪ. ಬೈದ್ರೆ... ಬೈಸ್ಕೋ."

"ಬೈಸ್ಕೋತೀನಿ."

"ನಾಲಿಗೆ ವಿಷಯ... ನನಗೆ ಗೊತ್ತಿತ್ತು ಕಣೋ. ಹಾಲು ಸೀದ ದಿನಾನೇ."

ಹೀರಪ್ಪ ರಸ್ತೆ ನೋಡುತ್ತಿದ್ದ. ಬಲಗೈ ಸ್ಟೀರಿಂಗಿನಲ್ಲಿ, ಎಡಗೈ ಅಕ್ಕನ ಮಣಿಕಟ್ಟಿನ ಮೇಲೆ. ಎಂಜಿನು ಸತ್ತ ಕಾರಿನ ಚಕ್ರ ಬಲು ಬಿಗಿ. ಒಂದೇ ಕೈಗೆ ತಿರುಗುವುದು ಸುಲಭವಲ್ಲ. ಆದರೂ ಎಡಗೈಯನ್ನು ಅವನು ತೆಗೆಯಲಿಲ್ಲ. ಬಂಕಿನ ಬಳಿಯ ಮೋರಿ ದಾಟಿದರು. ಅಲ್ಲಿಂದ ಮುಂದೆ ಏರು. ಹಿಂದೆ ತಳ್ಳುವವರು ಒಬ್ಬರಿಗೊಬ್ಬರು ಕೂಗಿಕೊಂಡು ಕಾಲೂರಿದರು. ಯಾರದೋ ಚಪ್ಪಲಿ ಕಿತ್ತುಹೋಯಿತು. ಅದನ್ನು ಎತ್ತಿಕೊಳ್ಳಲು ಯಾರೂ ನಿಲ್ಲಲಿಲ್ಲ.

"ಅಮ್ಮ ಹೇಗಿದಾಳೆ ಮಾವ?" ಎಂದು ಹೊಲಿಗೆಯವಳು ಹಿಂದಿನಿಂದ ಕೂಗಿ ಕೇಳಿದಳು.

"ತಳ್ಳಿ," ಎಂದ ಹೀರಪ್ಪ. "ನಿಲ್ಲಿಸ್ಬೇಡಿ, ತಳ್ಳಿ."

ಏರಿನ ಮಧ್ಯದಲ್ಲಿ ಮತ್ತೆ ಕೇಳಿದಳು. ಅವನು ಅದನ್ನೇ ಹೇಳಿದ.

ಆಸ್ಪತ್ರೆಯ ಬಾಗಿಲಲ್ಲಿ ಬೆವರಿನಿಂದ ತೊಯ್ದ ಹನ್ನೆರಡು ಜನ ಕಾರಿಗೆ ಒರಗಿ ಏದುಸಿರು ಬಿಡುತ್ತಿದ್ದರು. ಒಬ್ಬ ಎಳೆಯ ವೈದ್ಯ ಬಂದು ಬಾಗಿ ಅಕ್ಕನ ಕಣ್ಣುರೆಪ್ಪೆ ಎತ್ತಿ ನೋಡಿದ. ಕತ್ತಿನ ಮೇಲೆ ಎರಡು ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಇದ್ದ. ಬಳಿಕ ಕಾಗದ ತೆಗೆದು, ಉಸಿರು ಯಾವಾಗ ನಿಂತಿತೆಂದು ಯಾರಿಗಾದರೂ ಗೊತ್ತೇ ಎಂದು ಕೇಳಿದ. ಬರೆಯಬೇಕಿತ್ತು.

ಹೇಳುವವರು ಇಲ್ಲಿ ಬೇರೆ ಬೇರೆ ಜಾಗ ಹೇಳುತ್ತಾರೆ: ಏರಿನ ತುದಿ ಎಂದು ಕೆಲವರು, ಆಸ್ಪತ್ರೆಯ ಗೇಟು ಎಂದು ಕೆಲವರು. ಆದರೆ ಹೀರಪ್ಪ ಎಲ್ಲರಿಗೂ ಕೇಳುವಂತೆಯೇ ಉತ್ತರಿಸಿದ.

"ಮೋರಿ ಹತ್ರ."

ಹೊಲಿಗೆಯವಳು ತಿರುಗಿ ರಸ್ತೆ ನೋಡಿದಳು. ಮೋರಿ ಅರ್ಧ ಮೈಲಿಗೂ ಹೆಚ್ಚು ಹಿಂದಿತ್ತು; ಅಲ್ಲಿಂದ ಕಾಣುತ್ತಲೂ ಇರಲಿಲ್ಲ. ಅವಳ ಅಂಗೈಗಳ ಚರ್ಮ ಸುಲಿದಿತ್ತು.

"ಗೊತ್ತಿದ್ದೂ ತಳ್ಳಿಸಿದ್ಯಾ?" ಎಂದಳು.

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ," ಎಂದ ಹೀರಪ್ಪ.

ವೈದ್ಯ ಗಡಿಯಾರ ನೋಡಿ, ಲೆಕ್ಕ ಹಾಕಿ, ಒಂದು ಹೊತ್ತನ್ನು ಬರೆದುಕೊಂಡ. ಕಾರನ್ನು ಬಾಗಿಲಿನಿಂದ ಪಕ್ಕಕ್ಕೆ ಸರಿಸಿರೆಂದು ಕಾವಲಿನವನು ಹೇಳಿದ. ಅವರೆಲ್ಲ ಸೇರಿ ಅದನ್ನು ಇನ್ನೊಮ್ಮೆ ತಳ್ಳಿದರು.