ಎಂಟನೇ ಎಫ್‌ಸಿ

ಎಡಗಡೆ ವೈಪರು ಕಿರ್ ಅಂದ ಹಾಗಾಯಿತು, ಅಂದಿತೋ ಇಲ್ಲವೋ, ಇನ್ನೊಂದು ಸಲ ಹಾಕಿ ನೋಡಲಾ — ಬೇಡ, ಒಣ ಗಾಜಿನ ಮೇಲೆ ಎಳೆದರೆ ಹೊಸ ರಬ್ಬರೂ ಕಿರ್ ಅನ್ನುತ್ತೆ, ನಿನ್ನೆ ತಾನೇ ಹಾಕಿಸಿದ್ದು, ರೇಡಿಯಂ ಪಟ್ಟಿ ಹೊಸದು, ಹಿಂದೆ ಕೆಂಪು ಮುಂದೆ ಬಿಳಿ, ಬ್ರೇಕ್ ಆಯಿಲ್ ಗೆರೆಯವರೆಗೂ ಇದೆ, ಪ್ರಥಮ ಚಿಕಿತ್ಸೆ ಡಬ್ಬದಲ್ಲಿ ಹತ್ತಿ ಇದೆ, ಬ್ಯಾಂಡೇಜ್ ಇದೆ, ಅತ್ತೆ ತುರುಕಿದ ಓಂಕಾಳಿನ ಪೊಟ್ಟಣವೂ ಇದೆ, ಇರಲಿ, ಹೊಟ್ಟೆನೋವೇನು ಕಾಯಿಲೆ ಅಲ್ಲವೇ. ಸಾಲಿನಲ್ಲಿ ನನಗಿಂತ ಮುಂದೆ ಆರು ಗಾಡಿ, ಕೊಳ್ಳೇಗಾಲದ ಈ ಮೈದಾನಕ್ಕೆ ಎಂಟು ಗಂಟೆಗೇ ಬಂದರೂ ಆರು, ಇವರೆಲ್ಲ ಎಷ್ಟು ಹೊತ್ತಿಗೆ ಎದ್ದರೋ — ಎಫ್‌ಸಿ ಅಂದರೆ ಹಾಗೇ, ಗಾಡಿ ರಸ್ತೆಗೆ ಯೋಗ್ಯ ಅಂತ ವರ್ಷಕ್ಕೊಂದು ಸಲ ಬರೆಸಿಕೊಳ್ಳೋದು, ಅಷ್ಟಕ್ಕೆ ಒಬ್ಬೊಬ್ಬ ಡ್ರೈವರನ ಮುಖವೂ ಗಂಡಿನ ಕಡೆಯವರ ಮುಂದೆ ಕೂತ ಹುಡುಗಿಯ ಮುಖದ ಹಾಗಿದೆ. ನನಗೆ ಭಯವಿಲ್ಲ. ಯಳಂದೂರಿನ ಗುರುಸಿದ್ದಯ್ಯ ಮೇಷ್ಟ್ರು ರಿಟೈರಾದ ಮೇಲೆ ಬಾಡಿಗೆಗೆ ಬಿಟ್ಟಿದ್ದ ಗಾಡಿ ಇದು, ಎಂಟು ವರ್ಷ ಓಡಿದ್ದನ್ನು ಹಳದಿ ಬೋರ್ಡಿನ ಸಮೇತ ತಂದಾಗ ನಮ್ಮೂರು ಅಜ್ಜೀಪುರದಲ್ಲಿ ನಗದವರಿಲ್ಲ, ಜ್ಯೋತಿಲಕ್ಷ್ಮಿ ಜೀಪು ಓಡುಸ್ತಾಳಂತೆ, ಅದೂ ಸೆಕೆಂಡ್ ಹ್ಯಾಂಡಂತೆ, ಮೊದಲನೇ ಎಫ್‌ಸಿಗೇ ಗುಜರಿಗೆ ಓಗುತ್ತೆ ಬುಡಿ. ಏಳು ವರ್ಷ, ಏಳು ಸಲ, ಒಮ್ಮೆಯೂ ಫೇಲಾಗಿಲ್ಲ, ಮೂರನೇ ವರ್ಷ ಒತ್ತಿದ ಹಾರನ್ ನಿಲ್ಲದೇ ಇಡೀ ಮೈದಾನ ಕಿವಿ ಮುಚ್ಚಿಕೊಂಡಾಗ ಆಗಿನ ಇನ್ಸ್‌ಪೆಕ್ಟರು, ಪಾಸು ಕಣಮ್ಮ ಪಾಸು, ಮೊದ್ಲು ಅದರ ಬಾಯಿ ಮುಚ್ಚಿಸು ಅಂದಿದ್ದರು, ಐದನೇ ವರ್ಷ ಹಿಂದಿನ ಬಾಗಿಲು ಒಳಗಿಂದ ತೆರೆಯದೇ ಸತಾಯಿಸಿದಾಗ ಒಳಗೆ ಕೂತಿದ್ದ ಅತ್ತೆ ಒಂದು ಒದೆ ಒದ್ದರು ನೋಡಿ, ಅವತ್ತಿನಿಂದ ಅದು ಹೇಳಿದ ಮಾತು ಕೇಳುತ್ತಿದೆ.

ಅತ್ತೆ ಈಗಲೂ ಪಕ್ಕದ ಸೀಟಿನಲ್ಲೇ ಇದ್ದಾರೆ, ಗೋವಿಂದಮ್ಮ, ಎಪ್ಪತ್ತೆರಡು ವರ್ಷ, ತೊಡೆಯ ಮೇಲೆ ಪೂಜೆಯ ಚೀಲ, ಮಗ ಬಿಳಿಗಿರಿ, ಅಂದರೆ ನನ್ನ ಗಂಡ, ಹಾಲಿನ ಡೈರಿ ಬಿಟ್ಟು ಬರುವವರಲ್ಲ, ಸ್ಟೇರಿಂಗ್ ಕಂಡರೆ ಅವರಿಗೆ ಅಂಗೈ ಬೆವರುತ್ತೆ, ತಾಯಿಗೆ ಮಾತ್ರ ಎಫ್‌ಸಿ ಅಂದರೆ ಹಬ್ಬ. ಬೆಳಿಗ್ಗೆ ನಾಲ್ಕು ಟೈರಿಗೆ ನಾಲ್ಕು ನಿಂಬೆಹಣ್ಣು, ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದ್ದಾಯಿತು, ಘಾಟು ಬರಲಿಲ್ಲವಂತೆ, ಬಾರೀ ದಿಷ್ಟಿ ಆಗದೆ ಕಣಮ್ಮಿ ಗಾಡಿಗೆ — ಹದಿನೈದು ವರ್ಷದ ಗಾಡಿಗೆ ದೃಷ್ಟಿ ಹಾಕುವವರು ಯಾರು ಅತ್ತೆ ಅಂದೆ, ನಿನ್ನಂಗೆ ಎಲ್ರೂ ಕುಲ್ಡರಾ ಅಂದರು. ಹೋದ ವರ್ಷ ಪಾಸಾಗಿ ಊರಿನಲ್ಲಿ ಇಳಿದದ್ದೇ ತಡ, ನಮ್ಮಪ್ಪ ಮಾದಪ್ಪ ಪಾಸ್ ಮಾಡುಸ್ದ ಕಣ್ರವ್ವ, ನಾ ಮಾಡಿದ್ ಪೂಜೆ ಸುಮ್ಕೆ ಓದದಾ ಅಂತ ಬೀದಿಗೆಲ್ಲ ಸಾರಿದರು, ಎರಡು ದಿನ ಗಾಡಿಯ ಕೆಳಗೆ ಮಲಗಿ ಮುಖಕ್ಕೆಲ್ಲ ಗ್ರೀಸ್ ಬಳಿದುಕೊಂಡವಳು ಅಲ್ಲೇ ನಿಂತಿದ್ದೆ, ನನ್ನ ಕಡೆ ಒಂದು ಬೆರಳೂ ತೋರಿಸಲಿಲ್ಲ. ಬೆಟ್ಟದ ದೇವರು ಮಾದಪ್ಪನ ಮೇಲೆ ನನಗೆ ಮುನಿಸಿಲ್ಲ, ಅತ್ತೆಯ ಮೇಲೆ ಇದೆ, ಏಳು ವರ್ಷದಿಂದ ಇದೆ, ಸಣ್ಣದು, ಚಪ್ಪಲಿಯೊಳಗಿನ ಕಲ್ಲಿನಷ್ಟು.

ಭಯವಿಲ್ಲ ಅಂದೆನಾ, ಸುಳ್ಳು, ಈ ಸಲ ಇದೆ. ಹಳೇ ಎಫ್‌ಸಿ ಭಾನುವಾರಕ್ಕೆ ಮುಗಿಯುತ್ತೆ, ಸೋಮವಾರ ಪಿಯುಸಿ ಪರೀಕ್ಷೆ, ಹೂಗ್ಯಂ ಕಡೆಯ ಎಂಟು ಹುಡುಗಿಯರು ಹನೂರಿನ ಸೆಂಟರಿಗೆ ಬರಬೇಕು, ಬೆಳಗಿನ ಬಸ್ಸು ಬಂದರೆ ಬಂತು, ಕಾಡಂಚಿನ ರಸ್ತೆಯಲ್ಲಿ ಆನೆ ನಿಂತರೆ ಅದೂ ಇಲ್ಲ — ಅವರಲ್ಲೊಬ್ಬಳು ದೀಪ, ಅವಳ ಅಪ್ಪ ಮಾದೇಶ ಹೊಸ್ತಿಲ ಮೇಲೆ ನಿಂತು, ನೋಡಕ್ಕ, ನೀ ಗಾಡಿ ತಕಂಡ್ ಬತ್ತೀನಿ ಅಂದ್ರ ಕಳುಸ್ತೀನಿ, ಇಲ್ಲಾಂದ್ರ ಓದಿದ್ದು ಸಾಕು, ಮನೇಲಿ ಕೂತ್ಕಳ್ಳಿ ಅಂದ, ಬತ್ತೀನಿ ಕಣ್ಲಾ ಮಾದೇಶ ಅಂದೆ, ಅಂದುಬಿಟ್ಟೆ, ಒಳಗೆ ಆ ಹುಡುಗಿ ಪುಸ್ತಕದಿಂದ ತಲೆ ಎತ್ತಿ ನನ್ನನ್ನೇ ನೋಡಿತು, ನಗಲಿಲ್ಲ, ನೋಡಿತು ಅಷ್ಟೇ. ಎಫ್‌ಸಿ ಇಲ್ಲದ ಗಾಡಿಯಲ್ಲಿ ಎಂಟು ಮಕ್ಕಳನ್ನು ಕೂರಿಸಿಕೊಂಡು ಹೋಗುವವಳಲ್ಲ ನಾನು, ಏನಾದರೂ ಆದರೆ ಯಾರ ಮುಖ ನೋಡಲಿ, ಆರ್‌ಟಿಓದವರು ಈ ಮೈದಾನಕ್ಕೆ ಬರುವ ಮುಂದಿನ ಕ್ಯಾಂಪು ಇನ್ನು ಹದಿನೈದು ದಿನಕ್ಕೆ, ಅಷ್ಟರಲ್ಲಿ ಪರೀಕ್ಷೆ ಮುಕ್ಕಾಲು ಮುಗಿದಿರುತ್ತೆ. ಅದಕ್ಕೇ ಇವತ್ತು ಆಗಲೇಬೇಕು.

ಉಳಿದಿರುವುದು ಪೆನ್ಸಿಲ್ ಪ್ರಿಂಟೊಂದೇ, ಐದು ನಿಮಿಷದ ಕೆಲಸ, ಮುಂದಿನ ಬಲಗಾಲಿಯ ಹಿಂದೆ ಚಾಸಿಯ ಕಬ್ಬಿಣದಲ್ಲಿ ಕೊರೆದ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಹದಿನೇಳು ಅಕ್ಷರ ಮೂಡುತ್ತವೆ, ಅದನ್ನು ಫಾರಮಿಗೆ ಅಂಟಿಸಬೇಕು, ಇದು ಅದೇ ಗಾಡಿ ಅನ್ನುವುದಕ್ಕೆ ಅದೇ ಸಾಕ್ಷಿ. ಇಷ್ಟು ವರ್ಷ ಆ ಕೆಲಸವೇ ಇರಲಿಲ್ಲ, ಗುರುಸಿದ್ದಯ್ಯ ಮೇಷ್ಟ್ರು ಗಾಡಿ ಕೊಡುವಾಗ ಒಂದು ಮಧ್ಯಾಹ್ನ ಕೂತು ಏಳು ಪ್ರಿಂಟ್ ತೆಗೆದು ಲಕೋಟೆಗೆ ಹಾಕಿ ಕೊಟ್ಟಿದ್ದರು, ಮೇಷ್ಟ್ರ ಬುದ್ಧಿ, ವರ್ಷಕ್ಕೊಂದರಂತೆ ಅಂಟಿಸಿದೆ, ಹೋದ ವರ್ಷಕ್ಕೆ ಲಕೋಟೆ ಖಾಲಿ. ಇಳಿದೆ, ಕುಕ್ಕರಗಾಲಲ್ಲಿ ಕೂತೆ, ಕೈ ಹಾಕಿದೆ — ಏನಿದು, ಮೆತ್ತಗೂ ಅಲ್ಲ ಗಟ್ಟಿಯೂ ಅಲ್ಲ, ಹಳದಿ, ಕೆಂಪು, ಮತ್ತೆ ಹಳದಿ, ಬೆರಳು ದಪ್ಪದ ಹೆಕ್ಕಳಿಕೆ, ನಂಬರೇ ಇಲ್ಲ. ಗ್ರೀಸ್ ಬಳಿಯುವಾಗ ಈ ಹಳದಿ ಎಷ್ಟು ಸಲ ಕಂಡಿಲ್ಲ, ಪೂಜೆಯದ್ದು ಅಂತ ಮುಟ್ಟದೇ ಬಿಟ್ಟಿದ್ದೆ, ನಂಬರು ಇದರ ಕೆಳಗೇ ಇದೆ ಅಂತ ನೋಡಿಕೊಳ್ಳದ ನಾನೆಂಥ ಡ್ರೈವರು. ಅತ್ತೇ, ಇದೇನಿದು. ಅತ್ತೆ ಕಿಟಕಿಯಿಂದ ಬಗ್ಗಿದರು, ಅದಾ, ಅದು ನಾನೇ ಅಚ್ಚಿದ್ದು ಕಣಮ್ಮಿ, ಆಯುಧಪೂಜೆಲಿ ಒಂದ್ ವರ್ಸನೂ ತಪ್ಪುಸಿಲ್ಲ, ಅರಳೆಣ್ಣೆಲಿ ಅರಿಸಿನ ಕಲ್ಸಿ, ಮ್ಯಾಲೆ ಕುಂಕುಮ — ಮೇಷ್ಟ್ರೇ ತೋರ್ಸಿದ್ರಲ್ಲ, ಗಾಡೀಲಿ ಬ್ಯಾರೆ ಏನೋದ್ರೂ ತರ್ಬೋದು, ಇದೊಂದು ಓಗ್ಬಾರ್ದು ಅಂತ. ತೋರಿಸಿದರು, ನಿಜ, ನಾನೂ ಅಲ್ಲೇ ಇದ್ದೆ, ಎಲ್ಲಕ್ಕಿಂತ ದೊಡ್ಡದು ಇದು ಅಂತ ಒಂದು ಜಾಗ ತೋರಿಸಿದರೆ ಆ ಜಾಗಕ್ಕೆ ಅರಿಸಿನ ಹಚ್ಚದೇ ಬಿಡುವ ಕೈಯೇ ಅವರದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ಏಳು ವರ್ಷದ ಹೆಸರು ಒಂದು ಮುದ್ದೆ ಅರಿಸಿನದಲ್ಲಿ ಹೂತುಹೋಗಿದೆ, ನನಗೆ ನಗುವೂ ಬಂತು ಅಳುವೂ ಬಂತು, ಬಾಯಿಂದ ಬಂದದ್ದು ಮಾತ್ರ ಸಿಟ್ಟು, ನಿಮ್ ಪೂಜೆಯಿಂದ್ಲೇ ಆ ಮಕ್ಕಳ ಪರೀಕ್ಷೆ ಓಯ್ತು ನೋಡಿ ಅತ್ತೆ, ಈಗ ಊರಿಗೆಲ್ಲ ಸಾರ್ಕಂಡ್ ಬನ್ನಿ. ಸಾಲಿನವರೆಲ್ಲ ತಿರುಗಿ ನೋಡಿದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅತ್ತೆ ಮಾತಿಗೆ ಮಾತು ಕೊಡದ ದಿನ ಇದೇ ಇರಬೇಕು.

ಬಾಗಿಲು ತೆರೆಯಿತು, ಚೀಲ ಹಿಡಿದು ಇಳಿದರು, ಸೀರೆ ಎತ್ತಿ ಸಿಕ್ಕಿಸಿ ಗಾಲಿಯ ಹತ್ತಿರ ಕೂತರು, ನಾನು ಸ್ಕ್ರೂಡ್ರೈವರ್ ಹಿಡಿದು ಬಂದರೆ, ಮುಟ್ಬ್ಯಾಡ, ಗೀಚ್ಬುಟ್ರೆ ಅಕ್ಸರ ಓಯ್ತವೆ, ಎಣ್ಣೆ ಜಿಡ್ಡು ಎಣ್ಣೆಗೇ ಬುಡೋದು, ನಿನಗೆ ಪಾತ್ರೆ ತೊಳ್ದು ಗೊತ್ತಿದ್ರಲ್ವಾ — ಆಹಾ, ಮಾತು ವಾಪಸ್ ಬಂತು, ಜೀವ ಬಂದ ಹಾಗಾಯಿತು ನನಗೆ. ದೀಪದ ಹರಳೆಣ್ಣೆಯ ಶೀಶೆ ತೆಗೆದು ಅಂಗೈಗೆ ಸುರಿದುಕೊಂಡು ಬಳಿದರು, ಕಾದರು, ತಲೆಯಿಂದ ಒಂದು ಪಿನ್ನು ಕಿತ್ತು ಅಂಚಿನಿಂದ ಮೆಲ್ಲಗೆ ಎಬ್ಬಿಸಿದರು, ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಬಿಟ್ಟುಕೊಂಡಿತು, ಬಿದ್ದದ್ದನ್ನೆಲ್ಲ ಸೆರಗಿಗೆ ಕಟ್ಟಿಕೊಂಡರು, ನೆಲಕ್ಕೆ ಬೀಳಬಾರದಂತೆ. ಸಾಲು ಸರಿಯಿತು, ಗಾಡಿ ಮುಂದಕ್ಕೆ ತಗೊಂಡೆ, ಅವರೂ ಕೂತಲ್ಲಿಂದ ಎದ್ದು ನಡೆದು ಬಂದು ಮತ್ತೆ ಅಲ್ಲೇ ಕೂತರು, ಇನ್ನೆರಡು ಸಲ ಹೀಗೇ. ನನ್ನ ಮುಂದೆ ಹಿಪ್ಪುನೇರಳೆ ಸೊಪ್ಪು ಸಾಗಿಸುವ ಟೆಂಪೋ, ಪುಟ್ಟಮಾದಪ್ಪನದು, ಗಾಡಿ ಹೊಸ ಮದುಮಗನ ಹಾಗೆ ಬಣ್ಣ ಬಳಿದುಕೊಂಡು ನಿಂತಿದೆ, ಇನ್ಸ್‌ಪೆಕ್ಟರ್ ಮೇಡಂ ಹೊಸಬರು, ಚಿಕ್ಕ ವಯಸ್ಸು, ದೊಡ್ಡ ಟಾರ್ಚು, ಪ್ರಿಂಟು ನನ್ನೆದುರಿಗೇ ತೆಗೀರಿ ಅಂದರು, ಪುಟ್ಟಮಾದಪ್ಪ ಉಜ್ಜಿದ, ಮತ್ತೆ ಉಜ್ಜಿದ, ಕಾಗದದ ತುಂಬ ಬರೀ ಕಪ್ಪು, ನಂಬರಿದ್ದ ಕಡೆ ತುಕ್ಕು ತಿಂದು ಗುಳಿ ಬಿದ್ದಿದೆ, ಒದ್ದೆ ಸೊಪ್ಪು ಕಣ್ರಿ ಮೇಡಮ್ಮೋರೆ, ನೀರು ಸುರ್ದು ಸುರ್ದು ಇಂಗಾಗದೆ, ಗಾಡಿ ನಂದೇ, ಊರ್ಗೆಲ್ಲ ಗೊತ್ತು — ನಿಮ್ಮದೇ ಇರಬಹುದು, ಕಾಗದಕ್ಕೆ ಗೊತ್ತಾಗಬೇಕಲ್ಲ, ಅರ್ಜಿ ಕೊಟ್ಟು ನಂಬರ್ ಹೊಡೆಸಿಕೊಂಡು ಬನ್ನಿ, ಮುಂದಿನ ಗಾಡಿ. ಮುಂದಿನ ಗಾಡಿ ನನ್ನದು. ಅವನು ಹದಿಮೂರು ವರ್ಷದ ಟೆಂಪೋ ತಿರುಗಿಸಿಕೊಂಡು ಹೋದ, ನನ್ನದು ಹದಿನೈದು, ಹೂಗ್ಯಂ ಹಳ್ಳಗಳಲ್ಲಿ ಎಷ್ಟು ಮಳೆಗಾಲ ಇಳಿಸಿದ್ದೇನೆ, ಹಳದಿಯ ಕೆಳಗೆ ಅಕ್ಷರ ಉಳಿದಿದೆಯೋ ಬರೀ ಗುಳಿ ಉಳಿದಿದೆಯೋ, ಅತ್ತೆಗೆ ಕಾಣದ ಹಾಗೆ ಡಬ್ಬ ತೆಗೆದು ಒಂದು ಚಿಟಿಕೆ ಓಂಕಾಳು ಬಾಯಿಗೆ ಹಾಕಿಕೊಂಡೆ, ನನಗೇ ನಗು ಬಂತು.

ಲೈಟು ನೋಡಿದರು, ಬ್ರೇಕು ತುಳಿಸಿದರು, ಬೆಲ್ಟು ಎಳೆದರು, ಎಲ್ಲದಕ್ಕೂ ಗೀಟು ಬಿತ್ತು, ಈಗ ಪ್ರಿಂಟು ಅಂದರು. ಅತ್ತೆ ಸೆರಗಿನಿಂದ ಕೊನೆಯ ಎಣ್ಣೆ ಒರೆಸಿದರು, ಆದರೂ ಪಸೆ, ಪಸೆಯ ಮೇಲೆ ಪೆನ್ಸಿಲ್ ಹಿಡಿಯೋಲ್ಲ ಅನ್ನುತ್ತಿದ್ದೆ, ಅಷ್ಟರಲ್ಲಿ ಅವರು ಚೀಲಕ್ಕೆ ಕೈ ಹಾಕಿ ಮಾದಪ್ಪನ ಬೂದಿ ಹಿಡಿ ತುಂಬ ತೆಗೆದು ಬಳಿದು ಉಜ್ಜಿಬಿಟ್ಟರು, ಬೂದಿ ಎಣ್ಣೆಯನ್ನೆಲ್ಲ ಕುಡಿಯಿತು, ಉಫ್ ಅಂತ ಊದಿದರು, ಮೇಡಂ ಟಾರ್ಚ್ ಹಿಡಿದರು — ಅಯ್ಯೋ ನಮ್ಮಪ್ಪ, ಬೆಳ್ಳಗೆ, ಚೂಪಾಗಿ, ಒಂದು ಚುಕ್ಕೆ ತುಕ್ಕಿಲ್ಲ, ಹದಿನೇಳಕ್ಕೆ ಹದಿನೇಳೂ ನಿನ್ನೆ ಕೊರೆದ ಹಾಗೆ ಕೂತಿವೆ. ಇದೇನ್ರೀ, ಸುತ್ತ ಎಲ್ಲ ತುಕ್ಕು, ಇಲ್ಲಿ ಮಾತ್ರ ಶೋರೂಮಿಂದ ಬಂದ ಹಾಗಿದೆ, ಏನು ಹಚ್ಚುತ್ತಿದ್ದಿರಿ ಅಂದರು ಮೇಡಂ. ಅತ್ತೆ ನನ್ನನ್ನು ನೋಡಿದರು, ಬೀದಿಗೆಲ್ಲ ಸಾರುವವರು ಬಾಯಿ ಬಿಗಿದುಕೊಂಡು ನನ್ನನ್ನೇ ನೋಡಿದರು, ಬೈಸಿಕೊಂಡ ನೋವು ಇನ್ನೂ ಕಣ್ಣಲ್ಲೇ ಇತ್ತು, ಅರಳೆಣ್ಣೆ ಅರಿಸಿನ ಮೇಡಂ, ನಮ್ಮತ್ತೆ ಏಳ್ ವರ್ಸದಿಂದ ಅಚ್ಚುತಾವ್ರೆ, ತುಕ್ಕು ಇಡೀದಂಗೆ ಕಾಪಾಡವ್ರೆ ಅಂದೆ, ನಾನೇ ಅಂದೆ, ಜೋರಾಗಿ, ಬೈದದ್ದಕ್ಕಿಂತ ಜೋರಾಗಿ, ಸಾಲಿಗೆಲ್ಲ ಕೇಳುವ ಹಾಗೆ. ಕಾಗದ ಇಟ್ಟೆ, ಗಾಳಿಗೆ ಹಾರಿತು, ಇಡ್ಕಳಿ ಅತ್ತೆ ಅಂದೆ, ಒಂದು ಮೂಲೆಯನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿದರು, ಉಜ್ಜಿದೆ, ಒಂದೊಂದೇ ಮೂಡಿದವು, ಕೊನೆಯದೂ ಮೂಡಿತು, ಎತ್ತಿ ನೋಡಿದರೆ ಮೂಲೆಯಲ್ಲಿ ಹಳದಿ, ಅಯ್ಯೋ ಮೇಡಂ, ಬೆಟ್ಟು ಅಂಟಿಬಿಟ್ಟಿದೆ, ಇನ್ನೊಂದು ತೆಗೀತೀನಿ — ಬೇಡ, ನಂಬರ್ ಕಾಣ್ತಿದೆಯಲ್ಲ, ಸಾಕು ಅಂದರು ಮೇಡಂ, ಗೋಂದು ಹಚ್ಚಿದರು, ಫಾರಮಿಗೆ ಒತ್ತಿದರು, ಪಕ್ಕದಲ್ಲಿ ಅವರ ಸಹಿ, ಮೇಲೆ ಸೀಲು, ಪಾಸು, ಸೋಮವಾರ ಬೆಳಿಗ್ಗೆ ಐದೂವರೆಗೆ ಹೊರಟರೆ ಆರೂವರೆಗೆ ಹೂಗ್ಯಂ, ಮಾದೇಶನಿಗೆ ಫೋನ್ ಮಾಡಬೇಕು, ಬಿಳಿಗಿರಿಗೂ, ಡೀಸೆಲ್ ಹಾಕಿಸಬೇಕು, ಅತ್ತೆಗೊಂದು ಮಸಾಲೆದೋಸೆ, ಬೇಡ ಅಂದರೂ ಬಿಡಬಾರದು, ಎಲ್ಲ ಮಾಡಬೇಕು, ಕೀಲಿ ತಿರುಗಿಸಬೇಕು, ತಿರುಗಿಸುತ್ತಿಲ್ಲ, ಫಾರಮಿನ ಆ ಮೂಲೆಯನ್ನೇ ನೋಡುತ್ತಿದ್ದೇನೆ, ಹದಿನೇಳು ಅಕ್ಷರದ ಪಕ್ಕ, ಇನ್ಸ್‌ಪೆಕ್ಟರ ಸಹಿಗಿಂತ ಮೊದಲು, ಸಹಿ ಬಾರದ ನಮ್ಮತ್ತೆಯ ಹಳದಿ ಹೆಬ್ಬೆಟ್ಟು, ಗೆರೆಗೆರೆಯಾಗಿ, ನಡುವೆ ಈಳಿಗೆಮಣೆ ಕೊಯ್ದ ಹಳೇ ಗಾಯದ ಗೀಟು, ಹಳದಿ ಹೆಬ್ಬೆಟ್ಟು.