ದೊಡ್ಡಮ್ಮನ ಹೂಂ

ಅವನನ್ನು ದರ್ಜಿಯೆಂದೇ ಬಲ್ಲವರು ಹೆಚ್ಚು. ಅವನು ಹಾಡು ಕಟ್ಟುತ್ತಾನೆಂದು ಗೊತ್ತಿದ್ದವರು ಮನೆಯವರು, ಮತ್ತೆ ಅಳತೆ ಕೊಡಲು ಕೈ ಚಾಚಿ ನಿಂತು ಓಡಿಹೋಗಲಾಗದ ಗಿರಾಕಿಗಳು.

ಅಂಗಡಿಗೆ ರಜೆಯಿದ್ದ ದಿನ ಅವನು ತನ್ನ ಹಾಡುಗಳ ಆಲ್ಬಮ್ ಮಾಡಲು ಕೂತ. ಒಂದು ಗಿಟಾರು, ಒಂದು ಗಂಟಲು, ಭಾವಮೈದನಿಂದ ಎರವಲು ತಂದ ಮೈಕು. ಸಂಜೆ ಭಾವಮೈದ ಬಂದು ಅದನ್ನು ಒಯ್ದನೆಂದರೆ ಮತ್ತೆ ಕೈಗೆ ಸಿಗುವುದು ಯಾವಾಗಲೋ ದೇವರಿಗೇ ಗೊತ್ತು. ಬೀದಿಯ ಸದ್ದು ಬರದಂತೆ ಮಲಗುವ ಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಫ್ಯಾನು ಆರಿಸಿದ್ದ. ಬೆವರು ಗಿಟಾರಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಮೊದಲ ಹಾಡು ಹೆಂಡತಿಯ ಹಳೆಯ ಛತ್ರಿಯ ಮೇಲಿನದು. ಒಂದು ನುಡಿ ಮುಗಿದದ್ದೇ ತಡ, ಮೂಲೆಯಿಂದ ಕೇಳಿತು: "ಹೂಂ."

ಅಲ್ಲಿ ಅವನ ದೊಡ್ಡಮ್ಮ ಕಣ್ಣು ಮುಚ್ಚಿ ಕೂತಿದ್ದರು. ತಂದೆ ಪದ್ಯ ಓದುವುದನ್ನು ಕೇಳುತ್ತ ಬೆಳೆದ ಜೀವ. ಕೇಳುವವರು ಹೂಂಗುಟ್ಟದಿದ್ದರೆ ಓದಿದವನಿಗೂ ಮರ್ಯಾದೆಯಲ್ಲ, ಮೇಲಿಂದ ಕೇಳುತ್ತಿರುವ ದೇವರಿಗೂ ಅಲ್ಲ ಎಂಬುದು ಅವರ ನಂಬಿಕೆ.

"ದೊಡ್ಡಮ್ಮ, ಮೈಕು ಎಲ್ಲಾನೂ ಹಿಡಿದುಬಿಡುತ್ತೆ. ಹೂಂ ಅನ್ನಬೇಡಿ."

"ನಾನೆಲ್ಲಿ ಅಂದೆನಪ್ಪ?"

ಮತ್ತೆ ಹಾಡಿದ. "ಹೂಂ." ಶಾಲಿನಿಂದ ಬಾಯಿ ಮುಚ್ಚಿಕೊಂಡರು, ಶಾಲಿನೊಳಗಿಂದ ಬಂತು. ಪೆಪ್ಪರಮಿಂಟು ಕೊಟ್ಟು ನೋಡಿದ. ಈಗ ಹೂಂ ಜೊತೆಗೆ ಕಟಕಟವೂ ಸೇರಿತು.

ರೆಕಾರ್ಡಿಂಗ್ ನೋಡಿಕೊಳ್ಳಲು ಕಿವಿಗೆ ಹೆಡ್‌ಫೋನು ಹಾಕಿ ಕೂತಿದ್ದ ಹೆಂಡತಿ, "ನನ್ನ ಮಾತಿಗೆ ನೀವು ಯಾವತ್ತೂ ಇಷ್ಟು ಸಲ ಹೂಂ ಅಂದಿಲ್ಲ ಬಿಡಿ," ಎಂದಳು.

ಮಧ್ಯಾಹ್ನವಾಯಿತು. ದರ್ಜಿ ಕೈಮುಗಿದು ದೊಡ್ಡಮ್ಮನನ್ನು ಅಡುಗೆಮನೆಗೆ ಕಳಿಸಿ, ಮೊದಲಿಂದ ಶುರುಮಾಡಿದ. ತಪ್ಪೇನೂ ಆಗಲಿಲ್ಲ. ಆದರೆ ಯಾರ ಅಳತೆಗೂ ಹೊಲಿಯದ ಅಂಗಿಯಂತೆ ಹಾಡು ಗೂಟಕ್ಕೆ ನೇತುಬಿದ್ದಿತ್ತು. ನುಡಿ ಮುಗಿದಾಗಲೆಲ್ಲ ಅವನ ಕಣ್ಣು ಖಾಲಿ ಮೂಲೆಗೇ ಹೋಗುತ್ತಿತ್ತು.

"ಅವರನ್ನ ಕರೀರಿ," ಎಂದಳು ಹೆಂಡತಿ. "ಈಗ ಹಾಡ್ತಿರೋದು ನೀವಲ್ಲ, ನಿಮ್ಮ ಹೊಲಿಗೆ ಮಿಷನ್ನು."

ಕರೆದ.

"ಬೈಯೋದಿಲ್ಲ ತಾನೇ?"

"ಇಲ್ಲ ದೊಡ್ಡಮ್ಮ. ಮನಸ್ಸು ಬಂದ ಕಡೆ ಅನ್ನಿ."

ಮೈಕನ್ನೂ ಅವರ ಕಡೆಗೆ ಒಂದಿಷ್ಟು ಸರಿಸಿದ. ಹೊತ್ತು ಇಳಿಯುವಷ್ಟರಲ್ಲಿ ಛತ್ರಿಯೂ ಅದರ ಮುಂದಿನ ಹಾಡುಗಳೂ ಹೂಂ ಸಮೇತ ಮುಗಿದವು. ಉಳಿದದ್ದು ಕೊನೆಯದು, ಅವನಿಗೆ ಎಲ್ಲಕ್ಕಿಂತ ಹೆಮ್ಮೆಯದು: ವಿಶ್ವಶಾಂತಿಯ ಹಾಡು. ಮೊದಲ ನುಡಿ ಮುಗಿಯಿತು. ಮೂಲೆ ಸುಮ್ಮನಿತ್ತು. ಎರಡನೆಯದೂ ಮುಗಿಯಿತು. ಸುಮ್ಮನೆ.

"ದೊಡ್ಡಮ್ಮ, ನಿದ್ದೆ ಬಂತಾ?"

"ಎಚ್ಚರವಾಗೇ ಇದೀನಪ್ಪ."

"ಮತ್ತೆ ಹೂಂ ಎಲ್ಲಿ?"

ದೊಡ್ಡಮ್ಮ ಬಾಯಲ್ಲಿದ್ದ ಹೊಸ ಪೆಪ್ಪರಮಿಂಟನ್ನು ಇನ್ನೊಂದು ದವಡೆಗೆ ದಾಟಿಸಿದರು. "ದೇವರು ಕೇಳಿಸಿಕೊಳ್ತಿರ್ತಾನೆ, ಸುಳ್ಳು ಹೂಂ ಹೆಂಗೆ ಹಾಕಲಿ? ಆ ಛತ್ರಿದೇ ಇನ್ನೊಂದು ಸಲ ಹೇಳು."

"ಒಂದೇ ಹಾಡು ಎರಡು ಸಲ ಆಗುತ್ತೆ."

"ಆಗಲಿ. ಎರಡು ಸಲ ಕೇಳಿದ್ರೆ ಪುಣ್ಯ ಸವೆದುಹೋಗುತ್ತಾ?"

ಅಷ್ಟರಲ್ಲಿ ಕಂಬಳಿ ಸರಿಸಿಕೊಂಡು ಭಾವಮೈದ ಮೈಕಿಗಾಗಿ ಬಂದು ನಿಂತ. ದರ್ಜಿ ಬೆರಳೆತ್ತಿ ಅವನನ್ನು ತಡೆದ. ವಿಶ್ವಶಾಂತಿಯನ್ನು ಅಳಿಸಲು ಹೆಂಡತಿಗೆ ಸನ್ನೆ ಮಾಡಿ, ಛತ್ರಿಯನ್ನು ಮತ್ತೆ ಬಿಚ್ಚಿದ.

ನುಡಿ ಮುಗಿದಾಗ ಮೂಲೆಯಿಂದ "ಹೂಂ" ಬಂತು. ಬಾಗಿಲಿನಿಂದ ಇನ್ನೊಂದು.