ವೇದಾವತಿ ಮುರಿದ ಆಣೆ

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಸಾಗರದ ಹೈಸ್ಕೂಲಿನ ಕೊನೆಯ ತರಗತಿಯಲ್ಲಿ ಹುಡುಗಿಯರೆಂದರೆ ಇಬ್ಬರೇ, ವೇದಾವತಿ ಮತ್ತು ಅವಳ ಜೀವದ ಗೆಳತಿ ಜ್ವಾಲಾಮಾಲಿನಿ. ಮಾಲಿನಿಯ ತಂದೆ ಪದ್ಮರಾಜಯ್ಯನವರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ದೀಪಾವಳಿ ಕಳೆದದ್ದೇ ಮಾಲಿನಿ ಬೇರೆಯೇ ಆಗಿಬಿಟ್ಟಳು. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಎದ್ದು ನಿಲ್ಲುತ್ತಿದ್ದವಳು ಈಗ ಹೆಸರು ಕೂಗಿದರೂ ತಲೆಯೆತ್ತುತ್ತಿರಲಿಲ್ಲ. ಹುಡುಗಿಗೆ ಕಣ್ಣು ತಾಗಿದೆಯೆಂದು ಮನೆಯವರು ಬಸದಿಯಲ್ಲಿ ಪೂಜೆ ಮಾಡಿಸಿದರು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ತನ್ನ ಬಣ್ಣದ ಪೆಟ್ಟಿಗೆಯನ್ನು ವೇದಾವತಿಯ ಕೈಗಿಟ್ಟಳು.

"ನೀನೇ ಇಟ್ಕೊ. ನಂಗಿನ್ನು ಬೇಡ."

"ಯಾಕೆ?"

"ಸಾಕಾಗಿದೆ ಕಣೆ. ಬೆಳಗಾಯ್ತು ಅಂದ್ರೆ ಭಯ. ಯಾಕೆ ಅಂತ ನಂಗೇ ಗೊತ್ತಿಲ್ಲ. ನಾನಿಲ್ದಿದ್ರೆ ಎಲ್ರಿಗೂ ಹಗುರ."

ವೇದಾವತಿ ಪೆಟ್ಟಿಗೆಯನ್ನು ಅವಳತ್ತ ಮರಳಿ ಚಾಚಿದಳು.

"ಯಾರಿಗೂ ಹೇಳ್ಬಾರ್ದು. ನಿಮ್ಮಮ್ಮನ ಮೇಲೆ ಆಣೆ ಮಾಡು" ಎಂದಳು ಮಾಲಿನಿ. ಹೆದರಿಕೆಯಲ್ಲಿ ವೇದಾವತಿ ಆಣೆ ಮಾಡಿಬಿಟ್ಟಳು.

ಮನೆಗೆ ಬಂದರೆ ತಾಯಿ ಸುಬ್ಬಲಕ್ಷ್ಮಮ್ಮ ರಾಗಿ ಬೀಸುತ್ತಿದ್ದರು. ಹೇಳಿದರೆ ಅಮ್ಮ ಸಾಯುತ್ತಾಳೆ, ಹೇಳದಿದ್ದರೆ ಮಾಲಿನಿ. ವೇದಾವತಿ ಬಾಗಿಲಲ್ಲೇ ನಿಂತಳು.

"ಅಮ್ಮಾ, ನಿನ್ನ ಮೇಲೆ ಹಾಕಿದ ಆಣೆ ಮುರದ್ರೆ ನೀ ಸತ್ತೋಗ್ತ್ಯ?"

ಬೀಸುವ ಕಲ್ಲು ನಿಂತಿತು. "ಆಣೆ ಮುರದ್ರೆ ಯಂಗೆ ಎಂತದೂ ಆಗ್ತಿಲ್ಲೆ. ಹೇಳೆ ಕೂಸೆ, ಎಂತ ಆತು?"

ಮಗಳು ಹೇಳಿದ್ದನ್ನು ಕೇಳಿ ಸುಬ್ಬಲಕ್ಷ್ಮಮ್ಮ ಹಿಟ್ಟಿನ ಕೈಯಲ್ಲೇ ಅವಳನ್ನು ಎಳೆದುಕೊಂಡು ಪದ್ಮರಾಜಯ್ಯನವರ ಮನೆಗೆ ನಡೆದರು. ವಿಷಯ ತಿಳಿದು ಮಾಲಿನಿಯ ತಾಯಿ ಜಿನಮ್ಮ ಮೊದಲು ಸಿಡಿದೇಳಿದರು. "ನಮ್ಮನೆ ಮಗಳ ಬಗ್ಗೆ ಎಂಥ ಮಾತು ಆಡ್ತೀರಿ!"

"ನನ್ನ ಮೇಲೆ ಆಮೇಲೆ ಸಿಟ್ಟಾಗಿ. ಮೊದ್ಲು ಅವಳನ್ನ ಬಾಯಿಬಿಟ್ಟು ಕೇಳಿ ಜಿನಮ್ಮ."

ಜಿನಮ್ಮ ಒಳಗೆ ಹೋಗಿ ಮಗಳ ಪಕ್ಕ ಕೂತರು. ಅವಳ ತಲೆ ನೇವರಿಸಿ ಕೇಳಿದರು. "ಸಾಯ್ಬೇಕು ಅನ್ಸತ್ತಾ ಮಗಾ?"

ಮಾಲಿನಿ ತಾಯಿಯ ಮಡಿಲಿಗೆ ಕುಸಿದು, "ಹೌದಮ್ಮ" ಎಂದು ಬಿಕ್ಕಿದಳು. ಆಮೇಲೆ ಬಾಗಿಲಲ್ಲಿದ್ದ ವೇದಾವತಿಯನ್ನು ನೋಡಿ, "ನಿನ್ನ ನಂಬಿದ್ನಲ್ಲೇ" ಎಂದಳು.

ಅಂದಿನಿಂದ ಜಿನಮ್ಮ ಮಗಳನ್ನು ಒಂಟಿಯಾಗಿ ಬಿಡಲಿಲ್ಲ. ಪದ್ಮರಾಜಯ್ಯ ಅವಳನ್ನು ಶಿವಮೊಗ್ಗದ ಡಾಕ್ಟರರ ಹತ್ತಿರ ಕರೆದೊಯ್ದರು. ಪೇಟೆಯವರು ಹುಚ್ಚು ಅಂದರು. ಆದರೂ ಪದ್ಮರಾಜಯ್ಯ ಕರೆದೊಯ್ಯುವುದನ್ನು ಬಿಡಲಿಲ್ಲ. ಪರೀಕ್ಷೆಗೆ ಹುಡುಗಿಯರಲ್ಲಿ ವೇದಾವತಿ ಒಬ್ಬಳೇ ಕೂತಳು. ಗೆಳತಿಯ ಮನೆಯೆದುರು ಹಾದುಹೋದಾಗಲೆಲ್ಲ ಕಿಟಕಿ ಮುಚ್ಚಿರುತ್ತಿತ್ತು.

ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ಒಂದು ಸಂಜೆ ಮಾಲಿನಿ ತಾನಾಗಿಯೇ ವೇದಾವತಿಯ ಮನೆಗೆ ಬಂದು ಜಗಲಿಯಲ್ಲಿ ಕೂತಳು. ಸೊರಗಿದ್ದಳು.

"ನಿನ್ನ ಮೇಲಿನ ಕೋಪ ಇನ್ನೂ ಹೋಗಿಲ್ಲ."

"ಇರ್ಲಿ."

"ಕೆಲವು ದಿನ ಈಗ್ಲೂ ಹಾಗೇ ಆಗತ್ತೆ. ಆವಾಗ ಅಮ್ಮಂಗೆ ಹೇಳ್ತೀನಿ."

ವೇದಾವತಿ ಅವಳ ಪಕ್ಕ ಬಂದು ಕೂತಳು. ಬಿಸಿಲು ಅಂಗಳ ದಾಟುವಾಗ ಮಾಲಿನಿ ಎದ್ದಳು.

"ನಮ್ಮನೇಲಿ ಹೊತ್ತು ಮುಳುಗೋದ್ರೊಳಗೆ ಊಟ ಆಗ್ಬೇಕು. ಹೋಗ್ಬರ್ತೀನಿ."